ತುರ್ತಲ್ಲದ ಸುದ್ದಿ

ಪೊಲೀಸರ ಸುದ್ದಿ ಎಂದರೆ ಕಳ್ಳರು, ಬೇಡಿ, ಸೈರನ್ನು ಎಂದುಕೊಳ್ಳುವವರು ಮಾರ್ಲಾ ಬರೆದದ್ದನ್ನು ಓದಿದವರಲ್ಲ. ಅಮೆರಿಕದ ಅಯೋವಾದ ಆ ವಿಶ್ವವಿದ್ಯಾಲಯದ ಕ್ಯಾಂಪಸ್ ಠಾಣೆಯಿಂದ ಸುದ್ದಿ ಹೊರಡುವುದಕ್ಕೆ ಎರಡು ದಾರಿಗಳಿದ್ದವು. ಬೆಂಕಿ, ಸುಂಟರಗಾಳಿ, ಬಂದೂಕು ಎಂದರೆ ಬೇಕೋ ಬೇಡವೋ ಎಲ್ಲರ ಫೋನೂ ಕಿರುಚಿಕೊಳ್ಳುತ್ತಿತ್ತು. ಮಿಕ್ಕ ಸಣ್ಣಪುಟ್ಟದ್ದೆಲ್ಲ, ತಾವಾಗಿ ಹೆಸರು ಬರೆಸಿದವರಿಗೆ ಮಾತ್ರ, ಮಧ್ಯಾಹ್ನ ಮೂರರ ಇ-ಮೇಲ್‌ನಲ್ಲಿ ಹೋಗುತ್ತಿತ್ತು. ಆ ಮೇಲ್ ಬರೆಯುವ ಕೆಲಸ ತುರ್ತು ಕರೆಗಳ ಫೋನಿನ ಮುಂದೆ ಕೂರುವ ಮಾರ್ಲಾಳದು.

"ಈಜುಕೊಳದ ಬಳಿ ಕೆಂಪು ಕೈಗವಸು ಸಿಕ್ಕಿದೆ, ಎಡಗೈಯದು ಮಾತ್ರ. ನಾಳೆ ಹತ್ತಕ್ಕೆ ಗ್ರಂಥಾಲಯದಲ್ಲಿ ಅಲಾರಂ ಪರೀಕ್ಷೆ, ಗಾಬರಿ ಬೇಡ. ಭೌತಶಾಸ್ತ್ರ ಕಟ್ಟಡದ ಪೂರ್ವದ ಬಾಗಿಲಲ್ಲಿ ಹೆಬ್ಬಾತು ಇನ್ನೂ ಕಾವು ಕೂತಿದೆ, ಪಶ್ಚಿಮದ ಬಾಗಿಲಲ್ಲಿ ಓಡಾಡಿ. ಅಮ್ಮನಿಗೆ ಕೋಪ ಜಾಸ್ತಿ."

"ಇದೇನು ಮಾರಾಯ್ತಿ, ಪೊಲೀಸ್ ಪ್ರಕಟಣೆಯೋ ಅಜ್ಜಿ ಕಥೆಯೋ?" ಎಂದ ಸಾರ್ಜೆಂಟ್ ಗುಡ್ರಿಚ್, ಅವಳ ಹೆಗಲ ಮೇಲಿಂದ ಇಣುಕಿ. "ಅಮ್ಮನಿಗೆ ಕೋಪ ಜಾಸ್ತಿಯಂತೆ!"

"ನಿನ್ನೆ ನಿಮ್ಮನ್ನ ಪಾರ್ಕಿಂಗ್ ತನಕ ಅಟ್ಟಿಸ್ಕೊಂಡು ಬಂತಲ್ಲ ಸಾರ್ಜೆಂಟ್, ಅದನ್ನೂ ಸೇರಿಸ್ಲಾ?"

ಗುಡ್ರಿಚ್ ಕಾಫಿ ಎತ್ತಿಕೊಂಡು ಹೊರಟುಹೋದ.

ಆರು ಸಾವಿರ ಓದುಗರಲ್ಲಿ ಅವಳು ಬರೆಯುತ್ತಿದ್ದುದು ಒಬ್ಬಳಿಗೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತಂಗಿ ಥೀಯಾ ಇಲ್ಲಿ ಓದುತ್ತಿದ್ದಾಗ ಹೆಸರು ಬರೆಸಿದ್ದಳು. ಓರೆಗಾನ್‌ಗೆ ಹೆಚ್ಚಿನ ಓದಿಗೆ ಹೋದ ಮೇಲೂ ಆ ಹೆಸರು ಪಟ್ಟಿಯಲ್ಲೇ ಉಳಿದಿತ್ತು. ಅಕ್ಕತಂಗಿಯರ ನಡುವೆ ಉಳಿದಿದ್ದುದೂ ಅಷ್ಟೇ.

ಇಬ್ಬರನ್ನೂ ಬೆಳೆಸಿದವಳು ಅಜ್ಜಿ. ಒಲೆಯ ಮುಂದೆ ಮೆಕ್ಕೆಜೋಳದ ಸೂಪು ತಿರುವುತ್ತ ಕಥೆ ಹೇಳುವಳು. ಸರಿಯಾದ ಜಾಗಕ್ಕೆ ಬಂದಾಗ ನಿಲ್ಲಿಸಿ ಉಪ್ಪು ನೋಡುವಳು. "ಆಮೇಲೆ?" ಎಂದು ಕೇಳುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಮೊದಲು ಕೇಳುವವಳು ಯಾವಾಗಲೂ ಥೀಯಾ.

ಮೂರು ವರ್ಷದ ಹಿಂದೆ ಅಜ್ಜಿಗೆ ಕೆಮ್ಮು ಹಿಡಿಯಿತು. ಓರೆಗಾನ್‌ನಲ್ಲಿ ಥೀಯಾಳಿಗೆ ಪರೀಕ್ಷೆಯ ಸಮಯ. ಉಸಿರಾಡುತ್ತಿದ್ದಾರಾ, ಮಾತಾಡುತ್ತಿದ್ದಾರಾ, ರಕ್ತ ಹೋಗುತ್ತಿದೆಯಾ ಎಂದು ದಿನವಿಡೀ ಫೋನಿನಲ್ಲಿ ಕೇಳಿ, ಯಾವುದು ಈಗಲೇ, ಯಾವುದು ಆಮೇಲೆ ಎಂದು ತೂಗುವವಳು ಮಾರ್ಲಾ. ಮನೆಯಲ್ಲೂ ಹಾಗೆಯೇ ತೂಗಿದಳು. ಪರೀಕ್ಷೆ ಮುಗಿಯಲಿ, ಹೇಳಿದರಾಯಿತು ಎಂದುಕೊಂಡಳು. ಮೂರನೆಯ ದಿನ ಅಜ್ಜಿ ಹೋಗಿಬಿಟ್ಟಳು. ಸ್ಮಶಾನದಲ್ಲಿ ಥೀಯಾ ಒಂದೇ ಮಾತು ಕೇಳಿದಳು: "ನಿನ್ನ ಲೆಕ್ಕದಲ್ಲಿ ಅದು ತುರ್ತಲ್ಲ, ಅಲ್ವಾ ಅಕ್ಕ?" ಆಮೇಲೆ ಮಾರ್ಲಾಳ ಫೋನನ್ನು ಅವಳು ಎತ್ತಲೇ ಇಲ್ಲ.

ಅದಕ್ಕೇ ಮೂರು ಗಂಟೆಯ ಮೇಲ್. ಮಾರ್ಲಾ ಹೆಬ್ಬಾತಿನ ಕಥೆಯನ್ನು ಪ್ರತಿದಿನ ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದಳು. ದೂರದ ಯಾವುದೋ ಕಿಟಕಿಯ ಬಳಿ ಒಬ್ಬಳು "ಆಮೇಲೆ?" ಎಂದುಕೊಂಡರೆ ಸಾಕಿತ್ತು.

ಆ ಏಪ್ರಿಲ್‌ನಲ್ಲಿ ಮೇಲಧಿಕಾರಿಗಳಿಂದ ಆದೇಶ ಬಂತು: ಕ್ಯಾಂಪಸ್ ಬಿಟ್ಟುಹೋದವರ ಹೆಸರು ಪಟ್ಟಿಯಿಂದ ತೆಗೆಯಬೇಕು, ಬೇಕೆನ್ನುವವರು ಶುಕ್ರವಾರ ಸಂಜೆ ಐದರೊಳಗೆ 'ಉಳಿಯುತ್ತೇನೆ' ಎಂದು ಒತ್ತಬೇಕು. ಅದಕ್ಕೆ ಬೇಕಾದ ಪುಟವನ್ನು ಮಾರ್ಲಾಳೇ ಮಾಡಿ ಕಳಿಸಿದಳು. ನಾಲ್ಕು ದಿನ ಗಂಟೆಗೊಮ್ಮೆ ಪಟ್ಟಿ ತೆರೆದು ಒಂದೇ ಒಂದು ಹೆಸರನ್ನು ನೋಡಿದಳು. ಥೀಯಾಳ ಹೆಸರಿನ ಮುಂದೆ ಗುರುತು ಬೀಳಲಿಲ್ಲ. ಶುಕ್ರವಾರ ಐದು ಹೊಡೆಯಿತು. ಸಾವಿರಾರು ಹೆಸರುಗಳ ಜೊತೆ ಆ ಹೆಸರೂ ಅಳಿಸಿಹೋಯಿತು.

ಐದೂ ಹತ್ತಕ್ಕೆ ಫೋನು ಬಂತು. ನಿವೃತ್ತ ಪ್ರೊಫೆಸರ್ ಲಿಂಡ್‌ಹಾಲ್ಮ್.

"ಏನಮ್ಮಾ, ತಮಾಷೆ ಮಾಡ್ತಿದೀರಾ? ಬಿಟ್ಟುಹೋದವರು ಒತ್ತಿ ಅಂತೀರಿ. ಒತ್ತೋಕೆ ಹೋದ್ರೆ ಕ್ಯಾಂಪಸ್ ಕಾರ್ಡಿನ ನಂಬರ್ ಹಾಕಿ ಅನ್ನತ್ತೆ. ಹೋಗೋವಾಗ ಕಾರ್ಡ್ ಕಿತ್ಕೊಂಡಿದ್ದು ನೀವೇ ಅಲ್ವಾ?"

ಮಾರ್ಲಾ ಪುಟ ತೆರೆದಳು. ಹೌದು. ಠಾಣೆಯ ಪ್ರತಿ ಅರ್ಜಿಯೂ ಶುರುವಾಗುವುದೇ ಕಾರ್ಡ್ ನಂಬರಿನಿಂದ. ಅಭ್ಯಾಸಬಲದಿಂದ ಅದನ್ನೇ ಮೊದಲು ಹಾಕಿದ್ದಳು. ಅಂದರೆ ಬಿಟ್ಟುಹೋದ ಒಬ್ಬರಿಗೂ ಒತ್ತಲು ಆಗುತ್ತಿರಲಿಲ್ಲ.

"ತಪ್ಪು ನಂದೇ ಸರ್. ಸೋಮವಾರ ಎಲ್ಲರ ಹೆಸರೂ ವಾಪಸ್ ಸೇರಿಸ್ತೀನಿ," ಎಂದಳು. ಪುಟದ ಹಿಂಬದಿಯಲ್ಲಿ, ಒತ್ತಲು ಹೋಗಿ ಸೋತವರ ದಾಖಲೆ ಬೇರೆಯೇ ಇರುತ್ತದೆ. ಅದನ್ನು ತೆರೆದಳು. ಕೆಳಗೆ, ಇನ್ನೂ ಕೆಳಗೆ ಇಳಿದಳು.

ಥೀಯಾ ಟ್ಯಾಕೆಟ್. ಏಳು ಸಲ. ಕೊನೆಯದು ಇವತ್ತೇ, ಐದಕ್ಕೆ ಎಂಟು ನಿಮಿಷ ಇರುವಾಗ.

ಬಾಗಿಲ ಆಚೆ ನಿಂತು ಏಳು ಸಲ ತಟ್ಟಿದ್ದಾಳೆ. ಅಗುಳಿ ಹಾಕಿದವಳು ತಾನು. ಮಾರ್ಲಾ ಈ ಸಲ ಏನನ್ನೂ ತೂಗಲಿಲ್ಲ. ಫೋನ್ ಎತ್ತಿ, ಬಾಯಿಪಾಠವಾಗಿದ್ದ ನಂಬರನ್ನು ಒತ್ತಿದಳು. ಮೂರನೆಯ ರಿಂಗಿಗೆ ಆ ಕಡೆ ಯಾರೋ ಎತ್ತಿದರು. ಉಸಿರು ಕೇಳಿಸಿತು.

"ಕ್ಯಾಂಪಸ್ ಪೊಲೀಸ್," ಎಂದಳು ಮಾರ್ಲಾ. ದಿನವಿಡೀ ಹೇಳುವ ಮಾತೇ ಬಾಯಿಗೆ ಬಂತು. "ಇದು... ತುರ್ತೇನಲ್ಲ."

ಕಿಟಕಿಯಾಚೆ, ಎದುರಿನ ಭೌತಶಾಸ್ತ್ರ ಕಟ್ಟಡದ ಬಾಗಿಲಲ್ಲಿ, ಹೆಬ್ಬಾತು ಕತ್ತು ತಿರುಗಿಸಿ ರೆಕ್ಕೆ ಸರಿಮಾಡಿಕೊಂಡಿತು.

"ಆಮೇಲೆ?" ಎಂದಿತು ಆ ಕಡೆಯ ದನಿ, ಒಡೆದು. "ಮರಿ ಬಂತಾ, ಅಕ್ಕ?"

"ಇನ್ನೂ ಇಲ್ಲ ಕಣೇ," ಎಂದಳು ಮಾರ್ಲಾ. "ಕೂತೇ ಇದೆ."