ಥಂಡಿರಾಯನ ಮುಚ್ಚಳ

ಫ್ರಿಜ್ ರಿಪೇರಿ ಮಾಡುತ್ತಿದ್ದ ಕಾರಣ ಬೀದಿಯವರೆಲ್ಲ ಅವನನ್ನು ಥಂಡಿರಾಯ ಎನ್ನುತ್ತಿದ್ದರು. ಥಂಡಿರಾಯನಿಗೆ ಗಾಳಿಯೆಂದರೆ ಕಳ್ಳ. ಬಾಗಿಲ ಸಂದಿಯಲ್ಲಿ ಕೂದಲೆಳೆಯಷ್ಟು ಜಾಗ ಸಿಕ್ಕರೂ ನುಗ್ಗಿ ತಂಪನ್ನೆಲ್ಲ ದೋಚುವ ಕಳ್ಳ. ಇಪ್ಪತ್ತು ವರ್ಷದಿಂದ ಆ ಕಳ್ಳನಿಗೆ ಬಾಗಿಲು ಜಡಿಯುವುದೇ ಈತನ ಕಸುಬು.

ಹಾಗಾಗಿ, ಅಲಂಕಾರ ಮೀನಿನ ಅಂಗಡಿಯ ಭಾಮೈದ ಕೊಟ್ಟ ಹನ್ನೆರಡು ಹಾವುತಲೆ ಮೀನಿನ ಮರಿಗಳಲ್ಲಿ ಒಂದು ತೊಟ್ಟಿಯಿಂದ ಹಾರಿ, ಸೋಫಾದಡಿ ಒಣಗಿ ಸೆಟೆದು ಸಿಕ್ಕಿದ ದಿನವೇ, ಅವನು ಹಳೇ ಫ್ರಿಜ್ಜಿನ ಬಾಗಿಲ ರಬ್ಬರ್ ತಂದು ತೊಟ್ಟಿಯ ಪ್ಲಾಸ್ಟಿಕ್ ಮುಚ್ಚಳದ ಸುತ್ತ ಅಂಟಿಸಿದ. ಮುಚ್ಚಿದರೆ 'ಚಪ್' ಎಂದು ಕಚ್ಚಿಕೊಂಡಿತು.

"ಈಗ ಹಾರ್ರೋ ನೋಡೋಣ!"

ಹಾರುವುದು ನಿಂತಿತು, ಸಾಯುವುದು ಶುರುವಾಯಿತು. ನಾಲ್ಕು ದಿನದಲ್ಲಿ ನಾಲ್ಕು ಹೋಗಿ ಏಳು ಉಳಿದವು.

ಭಾಮೈದ ಫೋನಿನಲ್ಲೇ ತೀರ್ಪು ಕೊಟ್ಟ. "ಭಾವ, ಮೀನಂದ್ರೆ ಗ್ಯಾಸ್ ತುಂಬಿಸಿದ್ರೆ ಓಡೋ ಫ್ರಿಜ್ ಅಲ್ಲ. ಭಾನುವಾರ ಬರ್ತೀನಿ. ಇನ್ನೊಂದು ಹೋಗಿದ್ರೂ ಉಳಿದಿದ್ದನ್ನ ವಾಪಸ್ ತಗೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ. ಮುಚ್ಚಳ ಭದ್ರವಾಗಿದೆ ತಾನೆ?"

"ಭದ್ರವಾ? ಸೊಳ್ಳೆ ಮೀಸೆನೂ ತೂರಲ್ಲ ಕಣಯ್ಯಾ!"

ಫೋನಿಟ್ಟವನೇ ಭಾಮೈದನ ಮೂಗುದನಿ ತೆಗೆದ. "'ಬೇಜಾರು ಮಾಡ್ಕೋಬೇಡಿ ಭಾಆಆವ!' ಇವನಪ್ಪನಾಣೆ, ಏಳರಲ್ಲಿ ಒಂದನ್ನೂ ಬಿಡಲ್ಲ ನಾನು."

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿ ನೀರಿನ ಪರೀಕ್ಷೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ನನ್ನ ತಮ್ಮನ್ನ ಅಣಕಿಸಿದ್ರೆ ಮೀನು ಬದುಕುತ್ತಾ? ನೀರಂತೂ ಸರಿಯಾಗಿದೆ ರೀ. ಇದರ ರಿಪೋರ್ಟು ನಿಮ್ಮ ರಕ್ತದ ರಿಪೋರ್ಟಿಗಿಂತ ಚೆನ್ನಾಗಿದೆ."

"ಮತ್ತೆ ಯಾಕೆ ಸಾಯ್ತಿವೆ?"

"ಫ್ರಿಜ್ ಕೆಟ್ರೆ ನೀವೇನು ಮಾಡ್ತೀರಿ?"

"ಮುಂದೆ ಕೂತು ನೋಡ್ತೀನಿ. ಅದು ಏನು ಮಾಡೋಕೆ ಹೋಗಿ ಆಗ್ತಿಲ್ಲ ಅಂತ."

"ಕೂತ್ಕೊಳ್ಳಿ ಹಾಗಾದ್ರೆ."

ಶನಿವಾರ ಬೆಳಿಗ್ಗೆ ಇಬ್ಬರು ಗಿರಾಕಿಗಳಿಗೆ ನಾಳೆ ಎಂದು ಹೇಳಿ, ಥಂಡಿರಾಯ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡ. ಬೆರಳುದ್ದದ ಮರಿಯೊಂದು ಮೇಲಕ್ಕೆ ಬಂದು ಮುಚ್ಚಳಕ್ಕೆ ಮೂತಿ ಗುದ್ದಿತು, ಅತ್ತಿತ್ತ ತಡಕಾಡಿತು, ಸೋತು ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಬಂತು. ಇದು ಅವನಿಗೆ ಹೊಸದಲ್ಲ. ಮೇಲೆ ಬಂದಾಗಲೆಲ್ಲ 'ಪಾಪ, ನೀರು ಸಾಲದು' ಎಂದು ಚೊಂಬು ಚೊಂಬಾಗಿ ಸುರಿದು ತೊಟ್ಟಿಯನ್ನು ಕಂಠಮಟ್ಟ ತುಂಬಿಸಿದ್ದವನು ಅವನೇ.

ಎರೆಹುಳುವಿನ ಚೂರು ಹಾಕಲು ಮುಚ್ಚಳ ಎತ್ತಿದ. ಏಳೂ ಮರಿಗಳು ಹುಳುವನ್ನು ಮೂಸಲಿಲ್ಲ. ನೆಟ್ಟಗೆ ಮೇಲೆ ಬಂದು, ಬಾಯಿ ತೆರೆದು, ಗುಳುಕ್ ಗುಳುಕ್ ಎಂದು ನುಂಗಿದವು. ನುಂಗಿದ್ದು ಏನನ್ನೂ ಅಲ್ಲ.

"ಲೇ, ಬಾರೇ ಇಲ್ಲಿ! ಇವು ಗಾಳಿ ಕುಡೀತಿವೆ!"

"ನೀರೊಳಗಿನ ಗಾಳಿ ಸಾಲದಾ?"

"ಸಾಲದು ಅಂತ ನಾಲ್ಕು ಸತ್ತು ಹೇಳಿವೆ. ಮೇಲಿನ ಗಾಳಿನೇ ಬೇಕು ಇವಕ್ಕೆ. ನಾನು ಒಂದು ಗುಟುಕೂ ಉಳಿಸಿಲ್ಲ ಕಣೇ."

ಅವನು ಎದ್ದ. ನಾಲ್ಕು ಬೆರಳಷ್ಟು ನೀರು ತೆಗೆದ. ತಾನೇ ಅಂಟಿಸಿದ ರಬ್ಬರನ್ನು ಚರ್ರನೆ ಕಿತ್ತ. ಡ್ರಿಲ್ ಹಿಡಿದು, ಮರಿಯ ತಲೆ ತೂರದಷ್ಟು ಸಣ್ಣ ತೂತುಗಳನ್ನು ಮುಚ್ಚಳದ ತುಂಬ ಕೊರೆದ. ತೂತು ಮುಚ್ಚಿ ಹೊಟ್ಟೆ ಹೊರೆದವನು, ಒಂದೊಂದು ತೂತಿಗೂ ಹಲ್ಲು ಕಚ್ಚುತ್ತಿದ್ದ.

ಭಾನುವಾರ ಭಾಮೈದ ಬಕೆಟ್ಟಿನ ಜೊತೆ ಬಂದು, ಬಗ್ಗಿ ಎಣಿಸಿದ. ಏಳು. ಮತ್ತೆ ಎಣಿಸಿದ. ಏಳೇ.

"ಹಿಂದಿನ ನಾಲ್ಕನ್ನ ಕೊಂದಿದ್ದು ನಾನೇ ಕಣಯ್ಯಾ," ಎಂದ ಥಂಡಿರಾಯ. "ಉಸಿರಾಡೋ ಜಾಗಕ್ಕೇ ಬೀಗ ಹಾಕಿದ್ದೆ."

ಭಾಮೈದನ ಮುಖ ಇಳಿಯಿತು. "ಮೇಲೆ ಜಾಗ ಬಿಡಿ ಅಂತ ನಾನೂ ಹೇಳ್ಲಿಲ್ಲ ಭಾವ. ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ." ಬಕೆಟ್ಟನ್ನು ಎತ್ತಿಕೊಂಡ. "ಇಟ್ಕೊಳ್ಳಿ. ಆದ್ರೆ ಆ ದೊಡ್ಡದನ್ನ ನೋಡಿದ್ರಾ? ಪಕ್ಕದ ಚಿಕ್ಕದನ್ನ ಅಳತೆ ತಗೋತಿದೆ. ಇವತ್ತೋ ನಾಳೆಯೋ ನುಂಗುತ್ತೆ."

"ನುಂಗೋದಾ? ನನ್ನ ಮನೇಲಾ?" ಥಂಡಿರಾಯ ಆಗಲೇ ಅಂಗಿಯ ತೋಳು ಮಡಚಿ ಬಲೆ ಹುಡುಕುತ್ತಿದ್ದ. "ಆ ಬಕೆಟ್ ಇಲ್ಲೇ ಬಿಟ್ಟು ಹೋಗು. ಈ ದೊಡ್ಡವನಿಗೆ ಬೇರೆ ಮನೆ ಮಾಡ್ತೀನಿ."