ಗಾಳಿಯ ಮೈದಾನದಲ್ಲಿ ಉಳಿದ ಎಡಗೈ ಗ್ಲೌಸು

ನಾನು ಒಂದು ಗ್ಲೌಸು. ಫುಟ್‌ಬಾಲ್ ಆಟದಲ್ಲಿ ಗೋಲ್‌ಕೀಪರ್ ತೊಡುವಂಥದ್ದು, ಎಡಗೈಯದು. ಹುಟ್ಟಿದಾಗ ನಾವು ಜೋಡಿಯಾಗಿದ್ದೆವು. ಉತ್ತರದ ಕಡೆಯ ಒಂದು ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನಮ್ಮಿಬ್ಬರ ಅಂಗೈಗೂ ಮೆತ್ತನೆಯ ರಬ್ಬರ್ ಕೂಡಿಸಿ ಹೊಲಿದಳು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಹಳ ದಿನ ಜೊತೆಯಾಗಿಯೇ ತೂಗಾಡಿದೆವು.

ನಮ್ಮನ್ನು ಕೊಂಡವರು ದೇವದಾನ. ಗದಗಿನ ಆಚೆ, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಒಂದು ಊರಿನ ತಂಡಕ್ಕೆ ಅವರು ಗೋಲ್‌ಕೀಪರ್. ಆಷಾಢ ಬಂತೆಂದರೆ ಅಲ್ಲಿ ಒಣಹಾಕಿದ ಬಟ್ಟೆಯನ್ನು ಪಕ್ಕದ ಓಣಿಯಲ್ಲಿ ಹುಡುಕಬೇಕು. ಅಂಥದೊಂದು ದಿನ, ದೂರದಿಂದ ಎತ್ತರಕ್ಕೆ ಒದ್ದ ಚೆಂಡನ್ನು ಹಿಡಿಯಲು ದೇವದಾನ ಮುಂದಕ್ಕೆ ಓಡಿದರು. ಇಳಿಯಬೇಕಿದ್ದ ಚೆಂಡು ಇಳಿಯಲಿಲ್ಲ. ಗಾಳಿ ಅದನ್ನು ಅವರ ತಲೆ ದಾಟಿಸಿ ಬಲೆಗೆ ಹಾಕಿತು. ನಾನು ಬೆರಳು ಚಾಚಿ ಬರೀ ಗಾಳಿ ಹಿಡಿದಿದ್ದೆ. ತಂಡ ಸೋತಿತು. ಆಮೇಲೆ ಚಹಾದಂಗಡಿಯಲ್ಲಿ ಅವರನ್ನು ಕಂಡವರು ಬೇಕೆಂದೇ ಆಕಾಶ ನೋಡಿ ನಗುತ್ತಿದ್ದರು. ಅವರು ಆಡುವುದನ್ನೇ ಬಿಟ್ಟರು. ನಾವು ಪೆಟ್ಟಿಗೆ ಸೇರಿದೆವು.

ಮುಂದೆ ಅವರು ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಆಟದ ಮಾಸ್ತರರಾದರು. ಅಲ್ಲಿ ಕಸ್ತೂರಿ ಸಿಕ್ಕಳು. ಕೂಲಿ ಮಾಡುವ ನೀಲವ್ವನ ಮಗಳು, ಉದ್ದ ಕೈಯ ಮೌನಿ ಹುಡುಗಿ. ದೇವದಾನ ನಮ್ಮನ್ನು ಪೆಟ್ಟಿಗೆಯಿಂದ ತೆಗೆದು ಅವಳಿಗೆ ಕೊಟ್ಟರು. ಅಷ್ಟರಲ್ಲಿ ನಮ್ಮ ರಬ್ಬರು ಅಲ್ಲಲ್ಲಿ ಬಿರಿದಿತ್ತು. ಆದರೂ ಅವಳು ನಮ್ಮನ್ನು ತೊಟ್ಟು, ಕೈ ತಿರುಗಿಸಿ ತಿರುಗಿಸಿ ನೋಡಿದಳು.

“ಗಾಳಿ ಮುಖಕ್ಕ ಹೊಡೀತಿದ್ರ ಚೆಂಡ ಜೋರ ಬರತೈತಿ, ಹಿಂದ ಸರದ ನಿಲ್ಲು,” ಎಂದು ದೇವದಾನ ಹೇಳಿಕೊಟ್ಟರು. “ಬೆನ್ನಿಗೆ ಗಾಳಿ ಇದ್ರ ಅದು ನಡುವ ನಿಂತಬಿಡತೈತಿ. ಆವಾಗ ಮುಂದ ಹೋಗು.”

“ನಿಮಗ ಇದನ್ನ ಯಾರು ಕಲಿಸಿದ್ರು ಸರ?”

“ಒಂದು ಗೋಲು,” ಎಂದರು ಅವರು.

ಅವಳು ಬೇಗ ಕಲಿತಳು. ಚೆಂಡಿಗಿಂತ ಮೊದಲು ಮೈದಾನದ ಧೂಳು ಯಾವ ಕಡೆ ಏಳುತ್ತಿದೆ ಎಂದು ನೋಡುವಳು. ಅವಳ ಕೈಯೊಳಗೆ ನಾವು ಬಿಗಿಯಾಗಿ, ಬೆಚ್ಚಗೆ ಇದ್ದೆವು. ತಂಡ ಜಿಲ್ಲೆಯ ಫೈನಲ್‌ವರೆಗೆ ಹೋಯಿತು. ಗೆದ್ದರೆ ರಾಜ್ಯಮಟ್ಟ. ಅಲ್ಲಿ ಚೆನ್ನಾಗಿ ಆಡಿದವರಿಗೆ ಕ್ರೀಡಾ ಹಾಸ್ಟೆಲ್‌ನಲ್ಲಿ ಊಟ, ಓದು, ಎಲ್ಲ. ಕಸ್ತೂರಿ ಮನಸ್ಸಿನಲ್ಲೇ ಅಲ್ಲಿಗೆ ಹೋಗಿ ಮುಟ್ಟಿದ್ದಳು.

ಫೈನಲ್ ದಿನ ಗಾಳಿ ಕಣ್ಣು ಬಿಡಗೊಡಲಿಲ್ಲ. ಗೋಲು ಕಬ್ಬಿಣದ ಪೈಪಿನದು, ನೆಲದಲ್ಲಿ ಹೂತಿರಲಿಲ್ಲ, ಹಿಂದೆ ಕಲ್ಲು ಹೇರಿ ನಿಲ್ಲಿಸಿದ್ದರು. ದೇವದಾನ ಅದನ್ನು ಅಲುಗಾಡಿಸಿ ನೋಡಿ, ಆಟ ಮುಂದಕ್ಕೆ ಹಾಕಿರೆಂದು ಕೇಳಿದರು. ಅತಿಥಿಗಳು ಬಂದಾಗಿದೆ ಎಂದರು ಆಟ ನಡೆಸುವವರು.

“ಆಡೂಣು ಸರ,” ಎಂದಳು ಕಸ್ತೂರಿ. “ಇಂಥಾ ದಿನಾ ಮತ್ತ ಯಾವಾಗ ಬರತೈತಿ?”

ದೇವದಾನ ತಾವೇ ಇನ್ನಷ್ಟು ಕಲ್ಲು ಹೊತ್ತು ತಂದು ಹೇರಿದರು.

ನಮ್ಮ ತಂಡ ಒಂದು ಗೋಲು ಮುಂದಿತ್ತು. ಆಟ ಮುಗಿಯುತ್ತ ಬಂದಾಗ ನೆಲಕ್ಕೆ ತಾಗಿಕೊಂಡು ಚೆಂಡೊಂದು ಬಂತು. ಕಸ್ತೂರಿ ಹಾರಿ ಬಿದ್ದು, ಗೆರೆಯ ಮೇಲೆಯೇ ಅದನ್ನು ಹಿಡಿದಳು. ನಾನು ಚೆಂಡನ್ನು ಅವಳ ಎದೆಗೆ ಒತ್ತಿಕೊಂಡಿದ್ದೆ. ನನ್ನ ಜೋಡಿ, ಬಲಗೈಯವನು, ಇನ್ನೂ ಮುಂದಕ್ಕೆ ಚಾಚಿಕೊಂಡು ನೆಲದ ಮೇಲಿದ್ದ. ಅಷ್ಟರಲ್ಲಿ ಸುಂಯ್ ಎಂದು ಹಿಂದಿನಿಂದ ಗಾಳಿ ಬಲೆಗೆ ತುಂಬಿತು. ಹಿಂದಿನ ಕಲ್ಲುಗಳು ಉರುಳಿದವು. ಗೋಲು ಮುಂದಕ್ಕೆ ಮಗುಚಿ, ಮೇಲಿನ ಪೈಪು ಅವಳ ಬಲಗೈಯ ಮೇಲೆ ಬಂದು ಬಿತ್ತು.

ನಾಲ್ಕು ಜನ ಗೋಲು ಎತ್ತಿದಾಗಲೂ ಚೆಂಡು ನನ್ನ ಹಿಡಿತದಲ್ಲೇ ಇತ್ತು. “ಬಿಡವ್ವಾ, ಬಿಡು,” ಎನ್ನುತ್ತ ದೇವದಾನ ನನ್ನ ಬೆರಳು ಒಂದೊಂದಾಗಿ ಬಿಡಿಸಿದರು.

ಆಸ್ಪತ್ರೆಯಲ್ಲಿ ಬಲಗೈಯವನನ್ನು ಕತ್ತರಿಯಿಂದ ಸೀಳಿ ತೆಗೆದರು. ಅವನನ್ನು ನಾನು ಮತ್ತೆ ನೋಡಲಿಲ್ಲ. ಪಂದ್ಯವನ್ನು ಬೇರೊಂದು ದಿನ ಹೊಸದಾಗಿ ಆಡಿಸಿದರು. ಗೋಲಿನಲ್ಲಿ ಬೇರೆ ಹುಡುಗಿ ನಿಂತಳು, ತಂಡ ಸೋತಿತು. ಕಸ್ತೂರಿಯ ಮೂಳೆ ಕೂಡಿತು, ಆದರೆ ಬಲಗೈಯ ಬೆರಳುಗಳು ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ.

ಈಗ ನನ್ನನ್ನು ತೊಡುವವಳು ನೀಲವ್ವ. ಕುಸುಬೆ ಕೀಳುವಾಗ ಗಿಡದ ಮುಳ್ಳು ಕೈಗೆ ಇಳಿಯುತ್ತದೆ, ಅದಕ್ಕೆ. ಕಳೆದ ಸುಗ್ಗಿಯಲ್ಲಿ ದೇವದಾನ ಹೊಲದ ಬದುವಿಗೆ ಬಂದು ನಿಂತರು.

“ಗೋಲಿಗೆ ಹೊಸಾ ಹುಡುಗಿ ಒಬ್ಬಾಕಿ ಬಂದಾಳ,” ಎಂದರು, ಪಕ್ಕದ ಸಾಲಿನಲ್ಲಿದ್ದ ಕಸ್ತೂರಿಗೆ. “ಗಾಳಿ ನಿನಗ ತಿಳಿದಷ್ಟು ನನಗೂ ತಿಳೀಲಿಲ್ಲ. ಬಂದು ಹೇಳಿಕೊಡವ್ವಾ.”

“ನಾ ಒಲ್ಲೆ ಸರ,” ಎಂದಳು ಅವಳು, ಗಿಡದಿಂದ ಕಣ್ಣೆತ್ತದೆ. “ಗ್ರೌಂಡಿನ ಹಾದಿನೂ ಬಿಟ್ಟೀನಿ ನಾನು.”

ಅವರು ಬದು ಹಿಡಿದು ಹೊರಟುಹೋದರು. ನೀಲವ್ವ ನನ್ನಿಂದ ಮುಂದಿನ ಗಿಡ ಹಿಡಿದು ಕಿತ್ತಳು.

ನನಗೀಗ ವಯಸ್ಸಾಗಿದೆ. ಅಂಗೈ ತುಂಬ ಮುಳ್ಳು. ಹಿತ್ತಿಲ ಬೇಲಿಯ ಗೂಟಕ್ಕೆ ನನ್ನನ್ನು ಸಿಕ್ಕಿಸಿದ್ದಾರೆ. ಯಾವುದಾದರೂ ಕೈ ಒಳಗೆ ಬಂದಾಗ ಮಾತ್ರ ನಾನು ಕೈ. ಇಲ್ಲದಿದ್ದರೆ ಬರೀ ಚಿಂದಿ. ನಿನ್ನೆ ಸಂಜೆ ಕಸ್ತೂರಿ ಬಂದು, ಮುಳ್ಳುಗಳನ್ನು ಹಲ್ಲಿನಿಂದ ಕಿತ್ತು ಉಗುಳಿ, ಎಡಗೈ ನನ್ನೊಳಗೆ ಇಟ್ಟಳು. ಮೆಲ್ಲಗೆ ಮುಷ್ಟಿ ಕಟ್ಟಿದಳು, ಬಿಚ್ಚಿದಳು. ಹಿತ್ತಿಲಲ್ಲಿ ಜೋರು ಗಾಳಿಯಿತ್ತು. ಧೂಳು ಯಾವ ಕಡೆ ಏಳುತ್ತಿದೆ ಎಂದು ಅವಳು ನೋಡಲಿಲ್ಲ.