ಕಲಿಯಲಾರಳು ಎಂದು ನಾನು ಬರೆದ ಕಾಗದ

ಮೊದಲ ದಿನದ ಅಭ್ಯಾಸದಲ್ಲೇ ನಾನು ಸೀಟಿ ಊದುವುದನ್ನು ಮರೆತು ನಿಂತುಬಿಟ್ಟೆ. ಟ್ವೈಲಾ ಹೂಕ್‌ಸ್ಟ್ರಾ ಎಸೆದ ಚೆಂಡು ಬುಟ್ಟಿಯ ಬಳೆಗೆ ಬಡಿದು ಎದುರಿನವರ ಕೈಸೇರಿತ್ತು. ಉಳಿದ ನಾಲ್ವರು ನಮ್ಮ ಬುಟ್ಟಿ ಕಾಯಲು ಹಿಂದಕ್ಕೆ ಓಡಿದರು. ಟ್ವೈಲಾ ನಡುಗೆರೆಯವರೆಗೆ ಓಡಿ ಬಂದವಳು ಗಕ್ಕನೆ ನಿಂತಳು. ಶೂ ಗೆರೆಗೆ ತಾಕದಂತೆ ಒಂದು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಆಚೆ ಬದಿಯಲ್ಲಿ ನಡೆಯುತ್ತಿದ್ದ ಆಟವನ್ನು ಆರಾಮವಾಗಿ ನೋಡತೊಡಗಿದಳು.

“ಏನೇ ಮಾಡ್ತಿದ್ದೀಯ ಅಲ್ಲಿ?” ಎಂದು ಕೂಗಿದೆ.

“ಕಾಯ್ತಿದ್ದೀನಿ ಕೋಚ್. ಚೆಂಡು ವಾಪಸ್ ಬರ್ಲಿ ಅಂತ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಆಗೆಲ್ಲ ನಮ್ಮ ಅಯೋವಾ ರಾಜ್ಯದ ಹೈಸ್ಕೂಲುಗಳಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಎಂದರೆ ತಂಡಕ್ಕೆ ಆರು ಜನ. ಮೂವರು ಫಾರ್ವರ್ಡುಗಳ ಕೆಲಸ ಚೆಂಡನ್ನು ಬುಟ್ಟಿಗೆ ಹಾಕುವುದು, ಮೂವರು ಗಾರ್ಡುಗಳ ಕೆಲಸ ಎದುರಿನವರನ್ನು ತಡೆಯುವುದು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಟ್ವೈಲಾ ಫಾರ್ವರ್ಡು. ಒಂದು ಆಟಕ್ಕೆ ಸರಾಸರಿ ಐವತ್ತೊಂಬತ್ತು ಅಂಕ. ಹದಿನೆಂಟು ವರ್ಷದ ಆ ಹುಡುಗಿ ಹುಟ್ಟಿದಾಗಿನಿಂದ ಒಬ್ಬರನ್ನೂ ತಡೆದಿರಲಿಲ್ಲ. ಅವಳು ಈಗ ಸೇರಿದ ನಮ್ಮ ಕಾಲೇಜಿನಲ್ಲಾದರೋ ಐದೇ ಜನ, ಎಲ್ಲರೂ ಎಲ್ಲವನ್ನೂ ಮಾಡಬೇಕು.

ನಾನೂ ಅದೇ ಆಟ ಆಡಿ ಬಂದವಳು, ಆದರೆ ಗಾರ್ಡು. ನಾಲ್ಕು ವರ್ಷ ಆಡಿದ್ದೇನೆ, ಒಂದು ಸಲವೂ ಬುಟ್ಟಿಯ ಕಡೆ ಚೆಂಡೆಸೆದಿಲ್ಲ. ಪೇಪರಿನಲ್ಲಿ ಫೋಟೊ ಫಾರ್ವರ್ಡುಗಳದ್ದು, ತರಚಿದ ಮಂಡಿ ನಮ್ಮದು. ದುಡಿಯುವವಳು ಒಬ್ಬಳು, ಮೆರೆಯುವವಳು ಇನ್ನೊಬ್ಬಳು. ಇಪ್ಪತ್ತು ವರ್ಷವಾದರೂ ಆ ಉರಿ ನನ್ನೊಳಗೆ ಆರಿರಲಿಲ್ಲ. ಇದನ್ನು ಈಗ ಹೇಳುವುದು ಸುಲಭ, ಆಗ ಅದು ನನಗೇ ಗೊತ್ತಿರಲಿಲ್ಲ.

ನಮ್ಮ ಮುಖ್ಯ ಕೋಚ್ ಡುವೇನ್ ರಾಸ್ಮುಸೆನ್‌ಗೆ ಮಾತ್ರ ಚಿಂತೆಯಿರಲಿಲ್ಲ. “ಹಾಕೋದು ದೇವ್ರು ಕಲಿಸಿ ಕಳಿಸಿದ್ದಾನೆ, ತಡೆಯೋದು ನೀನು ಕಲ್ಸು ಆರ್ಲಿಸ್. ಅದಕ್ಕೇ ಅಲ್ವಾ ನೀನಿರೋದು?” ಎಂದು ಸಹಾಯಕ ಕೋಚ್ ಆದ ನನಗೆ ಹೇಳಿದರು. ಅವಳ ಸ್ಕಾಲರ್‌ಶಿಪ್ ವರ್ಷ ವರ್ಷವೂ ಹೊಸದಾಗಿ ಕೊಡಬೇಕಾದದ್ದು. ವಸಂತದಲ್ಲಿ ನಾವು ಬೇಡ ಎಂದರೆ ಟ್ವೈಲಾ ಮನೆಗೆ ಹೋಗಬೇಕು. ಅವಳ ಊರಿನಲ್ಲಿ ನಾನೂರು ಜನ, ಒಂದು ಧಾನ್ಯದ ಉಗ್ರಾಣ, ಮೊಟ್ಟೆ ಪ್ಯಾಕ್ ಮಾಡುವ ಒಂದು ಕಾರ್ಖಾನೆ. ಅವಳ ಅಕ್ಕಂದಿರಿಬ್ಬರೂ ಆ ಕಾರ್ಖಾನೆಯಲ್ಲೇ ಇದ್ದರು. ಇವಳಿಗೆ ಗಣಿತದ ಟೀಚರ್ ಆಗುವ ಆಸೆ.

ಕಲಿಸಿದೆ. ಬೆಳಿಗ್ಗೆ ಆರು ಗಂಟೆಗೆ ಬರಹೇಳಿ ಕಲಿಸಿದೆ. ನನ್ನ ಪಾಠ ಒಂದೇ: ಎದುರಾಳಿಯ ಸೊಂಟ ನೋಡು. ಕಣ್ಣು ಮೋಸ ಮಾಡುತ್ತದೆ, ಭುಜ ಮೋಸ ಮಾಡುತ್ತದೆ, ಚೆಂಡೂ ಮೋಸ ಮಾಡುತ್ತದೆ, ಸೊಂಟಕ್ಕೆ ಮೋಸ ಮಾಡಲು ಬರುವುದಿಲ್ಲ. ಟ್ವೈಲಾ ಸೊಂಟವನ್ನೇ ನೋಡಿದಳು. ಆ ಸೊಂಟಗಳೆಲ್ಲ ಅವಳ ಪಕ್ಕದಿಂದ ಹಾದುಹೋದವು. ಡಿಸೆಂಬರ್ ಮುಗಿಯುವ ಹೊತ್ತಿಗೆ ಅವಳನ್ನು ಆಡಿಸಿದರೆ ಹಾಕುವ ಹತ್ತು ಅಂಕಕ್ಕೆ ಇಪ್ಪತ್ತು ಬಿಟ್ಟುಕೊಡುತ್ತಿದ್ದಳು. ಬೆಂಚಿನ ತುದಿ ಅವಳ ಖಾಯಂ ಜಾಗವಾಯಿತು.

ಜನವರಿಯಲ್ಲಿ ಒಂದು ದಿನ ಅಭ್ಯಾಸದ ನಡುವೆ ನಿಂತು ಅವಳು ಹೇಳಿದಳು, “ಕೋಚ್, ಹಾಕೋರಿಗೆ ಎಲ್ಲರಿಗೂ ತಮ್ದೇ ಅಂತ ಒಂದು ಜಾಗ ಇರುತ್ತೆ. ಅಲ್ಲಿಗೆ ಹೋಗೋಕೆ ಮುಂಚೆ ನಾವೇ ಹೋಗಿ ನಿಂತ್ರೆ ಆಯ್ತು. ಸೊಂಟ ನೋಡ್ಕೊಂಡು ನಿಂತ್ರೆ ಅಷ್ಟರಲ್ಲಿ ತಡ ಆಗಿರುತ್ತೆ.”

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ,” ಎಂದೆ. ಹುಡುಗಿಯರೆಲ್ಲ ನಕ್ಕರು. ಟ್ವೈಲಾ ಬಗ್ಗಿ ಶೂ ದಾರ ಕಟ್ಟಿಕೊಂಡಳು. ಮತ್ತೆಂದೂ ಆ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಡುವೇನ್ ನನ್ನನ್ನು ಕರೆದು ಬಾಗಿಲು ಹಾಕಿದರು. “ಹೇಳು. ಆಗುತ್ತಾ, ಆಗಲ್ವಾ?”

“ಆಗಲ್ಲ,” ಎಂದೆ. ಕಾಗದವನ್ನು ನಾನೇ ಟೈಪ್ ಮಾಡಿದೆ. ‘ಕಾಲೇಜು ಮಟ್ಟದಲ್ಲಿ ತಡೆಯುವುದನ್ನು ಈಕೆ ಕಲಿಯಲಾರಳು. ಮುಂದಿನ ವರ್ಷಕ್ಕೆ ಸ್ಕಾಲರ್‌ಶಿಪ್ ಮುಂದುವರಿಸಲಾಗುವುದಿಲ್ಲ.’ ಇಬ್ಬರೂ ಸಹಿ ಹಾಕಿದೆವು. ಶನಿವಾರ ನಮ್ಮ ಅಂಗಳದ ಕೊನೆಯ ಆಟ. ಅದು ಮುಗಿದ ಮೇಲೆ ಸೋಮವಾರ ಕಾಗದ ಅವಳಿಗೆ ತಲುಪಲಿ ಎಂದು ಗುಮಾಸ್ತೆ ಮಿಸೆಸ್ ನೋವಾಕ್‌ರ ಮೇಜಿನ ಟಪಾಲು ತಟ್ಟೆಯಲ್ಲಿಟ್ಟೆ.

ಶನಿವಾರ ಮಧ್ಯಾಹ್ನದ ಆಟ. ಎದುರು ತಂಡದಲ್ಲಿ ಹನ್ನೆರಡನೇ ನಂಬರಿನ ಕಾರ್ಲಾ ಬೆಂಟ್ಲಿ, ಆಟಕ್ಕೆ ಇಪ್ಪತ್ತಾರು ಅಂಕದವಳು. ಅವಳನ್ನು ತಡೆಯಬೇಕಾದ ನಮ್ಮ ಹುಡುಗಿ ನಾಲ್ಕೇ ನಿಮಿಷದಲ್ಲಿ ಮೂರು ಫೌಲ್ ಮಾಡಿ ಬಂದು ಕೂತಳು. ಇನ್ನೊಬ್ಬಳಿಗೆ ಜ್ವರ. ಡುವೇನ್ ಬೆಂಚಿನ ಉದ್ದಕ್ಕೂ ಕಣ್ಣಾಡಿಸಿ, ತುದಿಗೆ ಬಂದು ನಿಂತರು.

“ಹೂಕ್‌ಸ್ಟ್ರಾ, ಹನ್ನೆರಡು ನಿಂದು.”

“ಅವಳಿಗಾ?” ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಟ್ವೈಲಾಗೆ ಕೇಳಿಸಿತು. ಅವಳು ಮೇಲಂಗಿ ಕಳಚಿ, ನನ್ನ ಮುಖ ನೋಡದೆ ಅಂಗಳಕ್ಕಿಳಿದಳು.

ಮುಂದಿನದನ್ನು ನಾನು ನೋಡಿದೆ, ಆದರೂ ನನಗೆ ಕಾಣಲಿಲ್ಲ. ಟ್ವೈಲಾ ಬೆಂಟ್ಲಿಯ ಸೊಂಟ ನೋಡಲಿಲ್ಲ. ಬೆಂಟ್ಲಿಗೆ ಅಂಟಿಕೊಂಡೂ ನಿಲ್ಲಲಿಲ್ಲ. ಒಂದೊಂದು ಸಲ ಅವಳ ಕಡೆ ಪೂರ್ತಿ ತಿರುಗಿಯೂ ಇರುತ್ತಿರಲಿಲ್ಲ. ಬೆಂಟ್ಲಿ ಚೆಂಡು ಹಿಡಿದು ಬಲಗಡೆ ಬಂದರೆ ಟ್ವೈಲಾ ಅಲ್ಲಿ ಮೊದಲೇ ನಿಂತಿದ್ದಳು. ಮೂಲೆಗೆ ಹೋದರೆ ಅಲ್ಲೂ ಇದ್ದಳು. “ಸೊಂಟ ನೋಡೇ, ಸೊಂಟ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಅವಳು ತಿರುಗಿಯೂ ನೋಡಲಿಲ್ಲ. ನೆತ್ತಿಗೇರಿದ ಕೋಪದಲ್ಲಿ ಇವಳನ್ನು ವಾಪಸ್ ಕರೆಯಿರಿ ಎನ್ನಲು ಡುವೇನ್ ಕಡೆ ತಿರುಗಿದೆ. ಆ ಮನುಷ್ಯ ಬಾಯಿ ತೆರೆದುಕೊಂಡು ಅಂಕಫಲಕ ನೋಡುತ್ತಿದ್ದರು.

ಅರ್ಧ ಆಟ ಮುಗಿದಾಗ ಬೆಂಟ್ಲಿಯದು ಎರಡು ಅಂಕ. ಕೊನೆಗೆ ಆರು. ಆರೇ ಆರು. ಸಿಟ್ಟಿನಲ್ಲಿ ಅವಳು ಚೆಂಡನ್ನು ನೆಲಕ್ಕೆ ಬಡಿದು ಹೊರಟುಹೋದಳು. ನಾವು ಮೂರು ಅಂಕದಿಂದ ಗೆದ್ದೆವು. ಜನ ಬೆಂಚುಗಳಿಂದ ಇಳಿದು ಬಂದು ಟ್ವೈಲಾಳ ಬೆನ್ನು ತಟ್ಟುತ್ತಿದ್ದರು. ನನ್ನ ತಲೆಯಲ್ಲಿ ಒಂದೇ ಯೋಚನೆ: ಆ ಕಾಗದ ಹರಿದುಹಾಕಬೇಕು.

ಕಾರಿಡಾರಿನಲ್ಲಿ ಓಡಿ ಆಫೀಸಿಗೆ ಹೋದೆ. ತಟ್ಟೆ ಖಾಲಿ. ಬಾಗಿಲ ಬಳಿ ಪಾಪ್‌ಕಾರ್ನ್ ಮಾರುತ್ತಿದ್ದ ಮಿಸೆಸ್ ನೋವಾಕ್‌ರನ್ನು ಹಿಡಿದು ಕೇಳಿದೆ.

“ಅದಾ? ನಿನ್ನೆ ಸಂಜೇನೇ ಹಾಸ್ಟೆಲ್ ಡಬ್ಬಿಗೆ ಹಾಕ್ಸಿದೆ ಕಣಮ್ಮ. ಸೋಮವಾರ ಪ್ರೆಸಿಡೆಂಟ್ಸ್ ಡೇ ರಜ ಅಲ್ವಾ, ಟಪಾಲು ಇರಲ್ಲ. ಸುಮ್ನೆ ಯಾಕೆ ತಡ ಮಾಡೋದು ಅಂತ...” ಎಂದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಪಾಪ, ಅವರದೇನು ತಪ್ಪು? ಹೇಗೋ ಬಟ್ಟೆ ಬದಲಿಸುವ ಕೋಣೆಯವರೆಗೆ ನಡೆದೆ.

ಉಳಿದವರು ಹೋಗಿಯಾಗಿತ್ತು. ಟ್ವೈಲಾ ಮಂಡಿಗೆ ಐಸ್ ಕಟ್ಟಿಕೊಂಡು ಒಬ್ಬಳೇ ಕೂತಿದ್ದಳು. “ನಿನ್ನ ಡಬ್ಬಿ... ನೋಡಿದ್ಯಾ?” ಎಂದೆ.

“ಹ್ಞೂಂ. ಮಧ್ಯಾಹ್ನ ಊಟಕ್ಕೆ ಹೋಗ್ತಾ ತಗೊಂಡೆ. ಚಿಲ್ಲಿ ಸೂಪ್ ಇತ್ತು, ಸಿನಮನ್ ರೋಲ್ ಇತ್ತು. ತಿಂತಾ ಓದ್ದೆ.”

“ಆಟಕ್ಕೆ ಮುಂಚೆ?”

“ಹ್ಞೂಂ.”

“ಮತ್ತೆ... ಇವತ್ತು ಹೇಗೆ ಹಾಗೆ...”

ಅವಳು ಮಂಡಿಯ ಐಸ್ ಸರಿಪಡಿಸಿಕೊಂಡು ಹೇಳಿದಳು. ದನಿಯಲ್ಲಿ ಕೋಪವಿರಲಿಲ್ಲ. “ಹೇಗೂ ಕಳಿಸ್ತಾರೆ ಅಂತ ಗೊತ್ತಾಯ್ತಲ್ಲ ಕೋಚ್. ಇನ್ಮೇಲೆ ನೀವು ಹೇಳ್ದಂಗೆ ಆಡ್ಬೇಕಾಗಿಲ್ಲ ಅನ್ನಿಸ್ತು.”

ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ನಾನು ಅಷ್ಟು ಬೆಚ್ಚಿಬೀಳುತ್ತಿರಲಿಲ್ಲ. ಐದು ತಿಂಗಳು ಆ ಹುಡುಗಿಯ ಮುಂದೆ ಅಡ್ಡಗೋಡೆಯಾಗಿ ನಿಂತಿದ್ದವಳು ನಾನು. ಗಾರ್ಡುಗಳು ಮಾಡಿದ್ದನ್ನು ಯಾರೂ ನೋಡುವುದಿಲ್ಲ ಎಂದು ಜೀವನವಿಡೀ ಗೊಣಗಿದವಳೂ ನಾನೇ.

ಅಷ್ಟರಲ್ಲಿ ಬಾಗಿಲು ತಟ್ಟಿ ಡುವೇನ್ ಬಂದರು. ಮಿಸೆಸ್ ನೋವಾಕ್ ವಿಷಯ ತಿಳಿಸಿದ್ದರು. “ಆ ಕಾಗದ ಹರಿದು ಬಿಸಾಕು ಮಗಳೇ. ಹೊಸದು ಬರೀತೀನಿ. ನಾಲ್ಕು ವರ್ಷ ಇರು.”

ಟ್ವೈಲಾ ಅಡ್ಡಡ್ಡ ತಲೆಯಾಡಿಸಿದಳು. “‘ಹೇಳಿದ ಮಾತು ಕೇಳಲ್ಲ’ ಅಂತ ಬರ್ದಿದ್ರೆ ಇರ್ತಿದ್ದೆ ಕೋಚ್. ಅದು ನಿಜ. ‘ಕಲಿಯಲಾರಳು’ ಅಂತ ಬರ್ದಿದ್ದೀರಿ. ಹಾಗೆ ಅಂದ್ಕೊಂಡೋರ ಹತ್ರ ಹೇಗಿರೋದು?”

“ದುಡುಕಬೇಡ. ಬೇರೆ ಕಡೆ ಸಿಗದೇ ಇದ್ರೆ?” ಎಂದರು ಡುವೇನ್.

“ಸಿಗದೇ ಇದ್ರೆ ಮೊಟ್ಟೆ ಕಾರ್ಖಾನೆ ಇದೆಯಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ಬೇರೆ ಕಾಲೇಜಿಗೆ ತೋರಿಸೋಕೆ ನೀವೊಂದು ಕಾಗದ ಬರ್ಕೊಡಿ. ಹೊಗಳೋದು ಬೇಡ. ಇವತ್ತು ನೋಡಿದ್ದು ಬರೀರಿ, ಸಾಕು.”

ಡುವೇನ್ ಬಾಗಿಲೆಳೆದುಕೊಂಡು ಹೊರಟುಹೋದರು. ನಾವಿಬ್ಬರೂ ಆಫೀಸಿಗೆ ಬಂದೆವು. ಟೈಪ್‌ರೈಟರಿಗೆ ಹಾಳೆ ಸಿಕ್ಕಿಸಿ ಅವಳ ಹೆಸರು ಹೊಡೆದೆ, ಎತ್ತರ ಹೊಡೆದೆ, ಬೆಂಟ್ಲಿಯ ಆರು ಅಂಕ ಹೊಡೆದೆ. ಅಲ್ಲಿಗೆ ನಿಂತುಹೋದೆ. ನಲವತ್ತು ನಿಮಿಷದ ಆಟವನ್ನು ಎದುರಿಗೆ ನಿಂತು ನೋಡಿದ್ದೇನೆ, ಈ ಹುಡುಗಿ ಏನು ಮಾಡಿದಳೆಂದು ಒಂದು ವಾಕ್ಯ ಬರೆಯಲು ನನಗೆ ಬರುತ್ತಿಲ್ಲ.

“ನನಗೆ ಗೊತ್ತಾಗ್ತಿಲ್ಲ ಕಣೇ,” ಎಂದೆ. “ನೀನೇ ಹೇಳು.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೆಂಟ್ಲಿಗೆ ಬುಟ್ಟಿಯ ಬಲಕ್ಕೆ ಎರಡು ಜಾಗ ಇಷ್ಟ, ಎಡಕ್ಕೆ ಒಂದು. ಅಲ್ಲಿಗೆ ಹೊರಡುವ ಮೊದಲು ಒಂದು ಸಲ ಉಸಿರು ಬಿಡುತ್ತಾಳೆ, ಹಾಕುವವರೆಲ್ಲ ಬಿಡುತ್ತಾರೆ, ತಾನೂ ಬಿಡುತ್ತೇನೆ. ಆ ಉಸಿರು ಕಂಡ ಕೂಡಲೇ ಹೋಗಿ ನಿಲ್ಲಬೇಕು. ಜಾಗ ಕಳೆದುಕೊಂಡವಳು ಗಾಬರಿಯಲ್ಲಿ ಮುಂದಿನ ಚೆಂಡನ್ನು ಆತುರದಿಂದ ಎಸೆಯುತ್ತಾಳೆ, ಆಗ ತಡೆಯುವುದೇ ಬೇಡ. ಅವಳು ಹೇಳುತ್ತಾ ಹೋದಳು, ನಾನು ಎರಡು ಬೆರಳಲ್ಲಿ ಹೊಡೆಯುತ್ತಾ ಹೋದೆ. ಬುಟ್ಟಿಗೆ ಚೆಂಡು ಹಾಕುವವರ ಮನಸ್ಸಿನೊಳಗೆ ಏನಿರುತ್ತದೆಂದು ಮೂವತ್ತೆಂಟು ವರ್ಷಕ್ಕೆ ನನಗೆ ಮೊದಲ ಸಲ ಗೊತ್ತಾಯಿತು.

ಕೊನೆಗೊಂದು ಸಾಲು ನನ್ನದೇ ಸೇರಿಸಿದೆ: ‘ಕಾಲೇಜು ಮಟ್ಟದಲ್ಲಿ ತಡೆಯುವುದನ್ನು ಈಕೆ ನಮ್ಮಲ್ಲಿ ಕಲಿತಿದ್ದಾಳೆ.’ ಹಾಳೆ ಅವಳ ಕೈಗೆ ಕೊಟ್ಟೆ. ನಿಧಾನವಾಗಿ ಪೂರ್ತಿ ಓದಿ, ಆ ಸಾಲಿನ ಮೇಲೆ ಬೆರಳಿಟ್ಟು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

“‘ನಮ್ಮಲ್ಲಿ’ ಅನ್ನೋದು ಬೇಡ ಕೋಚ್.”

ಆ ಒಂದು ಪದವನ್ನು ಪೆನ್ನಿನಿಂದ ಹೊಡೆದುಹಾಕಿ, ಕೆಳಗೆ ಸಹಿ ಮಾಡಿದೆ.